ಹೊಲದ ಫೋಟೊದಾಗ ಹೊಲ ಎಲ್ಲೈತಿ?

ಅವ್ವ: ತಲಿಕೆಳಗ ಹಿಡದೀರೇನ್ರಿ? ಸೀದಾ ಹಿಡೀರಿ.

ಅಪ್ಪ: ಸೀದಾನ ಐತಿ. ಗಿಡದ ಬುಡ ಕೆಳಗ ಐತಿ, ತುದಿ ಮ್ಯಾಲ ಐತಿ.

ಅವ್ವ: ಗಿಡಾನ ಕಾಣವಲ್ದು ನನಗ.

ಅಪ್ಪ: ನನ್ನ ಹೆಬ್ಬಟ್ಟಿನ ಕೆಳಗ ಐತಿ. ತಡಿ.

ಅಪ್ಪ ಹೆಬ್ಬೆರಳು ಸರಿಸಿದ. ಗಿಡ ಕಂಡಿತು. ಅವ್ವ ಕಣ್ಣು ಕಿರಿದು ಮಾಡಿ ಅದನ್ನು ನೋಡಿದಳು. ಆಮೇಲೆ ಅದೇ ಕಣ್ಣಿನಿಂದ ನನ್ನನ್ನು ನೋಡಿದಳು.

ಅವ್ವ: ಮಾಳ್ಯಾ, ಉಳದದ್ದೆಲ್ಲಾ ಏನೋ ಇದು?

ನಾನು: ಮುಗಲು ಬೇ.

ಅವ್ವ: ಮುಗಲ ಯಾರ ಕೇಳ್ಯಾರೋ? ಅವ್ರ ಊರಾಗ ಮುಗಲ ಇಲ್ಲೇನು?

ಮಿರಜದ ಲ್ಯಾಬಿನಿಂದ ಆ ಮಧ್ಯಾಹ್ನವಷ್ಟೇ ಬಂದಿದ್ದ ಕಲರ್ ಫೋಟೊ ಅದು. ತೆಗೆದವನು ನಾನು, ಮಾಳಸಿದ್ದ. ಜುಗೂಳದ ನಮ್ಮ ಮನೆಯಲ್ಲಿ ತಿಂಗಳ ಪಗಾರ ತರುವವನು ನಾನೊಬ್ಬನೇ. ತಂದು ಅದರ ಅರ್ಧವನ್ನು ರೀಲಿಗೆ ಸುರಿಯುವವನೂ ನಾನೊಬ್ಬನೇ. ಸಕ್ಕರೆ ಕಾರ್ಖಾನೆಯ ಕಾಟಾದ ಮೇಲೆ ಕಾರಕೂನನಾಗಿದ್ದೆ. ಕಬ್ಬು ತುಂಬಿದ ಗಾಡಿ ತೂಗುವುದು, ಖಾಲಿಯಾದ ಮೇಲೆ ಅದೇ ಗಾಡಿ ತೂಗುವುದು, ಮೊದಲಿನದರಲ್ಲಿ ಎರಡನೆಯದನ್ನು ಕಳೆಯುವುದು. ನನ್ನ ವಿದ್ಯೆಯೆಲ್ಲ ಕಳೆಯುವುದರಲ್ಲೇ ಇತ್ತು.

ಹೀಗಿರುವಾಗ ಮಿರಜ ಸ್ಟೇಷನ್ನಿನ ಹೊರಗಿನ ರದ್ದಿಯಲ್ಲಿ ಒಂದು ಇಂಗ್ಲಿಷ್ ಫೋಟೊಗ್ರಫಿ ಪತ್ರಿಕೆ ಸಿಕ್ಕಿತು. ನಿಸರ್ಗದ ಚಿತ್ರ ತೆಗೆಯುವಾಗ ಚೌಕಟ್ಟಿನಿಂದ ಬೇಡದ್ದನ್ನೆಲ್ಲ ತೆಗೆಯಿರಿ, ಒಂದೇ ಒಂದು ವಸ್ತು ಉಳಿಯಲಿ, ಸುತ್ತ ಬಯಲಿರಲಿ, ಬಯಲೇ ಮಾತಾಡಲಿ ಎಂದು ಅದರಲ್ಲಿ ಬರೆದಿತ್ತು. ಮುಂದಿನ ಪುಟಗಳು ಹರಿದುಹೋಗಿದ್ದವು. ಅದೂ ಪಾಠದ ಭಾಗವೆಂದೇ ತಿಳಿದೆ.

ಈಗ ಆ ಬಯಲು ಅಪ್ಪನ ಕೈಯಲ್ಲಿತ್ತು, ಮಾತಾಡುತ್ತಿದ್ದವಳು ಅವ್ವ.

ಅವ್ವ: ಹೆಣ್ಣಿನವರು ಏನಂತ ಹೇಳಿ ಕಳಸಿದ್ರು? ಹೊಲದ ಫೋಟೊ ಕಳಸ್ರಿ ಅಂತ. ಇದರಾಗ ಹೊಲ ಎಲ್ಲೈತಿ ತೋರ್ಸು.

ನಾನು: ಇಲ್ಲಿ ಕೆಳಗ ಬೆಳ್ಳಗ ಒಂದು ಪಟ್ಟಿ ಕಾಣಸ್ತೈತಲ್ಲ, ಅದ ಹೊಲ.

ಅಪ್ಪ: ಅದಾ? ನಾ ಲ್ಯಾಬಿನವ್ರು ಬಿಟ್ಟಿದ್ದ ಬಿಳಿ ಕಾಗದದ ಅಂಚು ಅಂತ ತಿಳ್ಕೊಂಡಿದ್ನಿ.

ಹೆಣ್ಣಿನವರು ಗಂಡಿನ ಮನೆಗೆ ಬಂದು ಹೊಲ ಮನೆ ನೋಡಿಕೊಂಡು ಹೋಗುವುದು ನಮ್ಮ ಕಡೆಯ ಪದ್ಧತಿ. ರಾಯಬಾಗ ಕಡೆಯ ಆ ಮಂದಿಯೂ ಬರುವವರಿದ್ದರು. ಬರಬೇಕಾದ ವಾರವೇ ಅವರ ಹೊಲಕ್ಕೆ ಕಬ್ಬು ಕಡಿಯುವ ಟೋಳಿ ಬಂದಿಳಿಯಿತು. ಕಡಿಯುವವರ ಟೋಳಿ ಬಂದಮೇಲೆ ಯಾವ ರೈತನೂ ಹೊಲ ಬಿಟ್ಟು ಕದಲುವುದಿಲ್ಲ. ಕದಲಿದರೆ ಟೋಳಿ ಬಾಜು ಹೊಲಕ್ಕೆ ಹೋಗಿರುತ್ತದೆ. ಹುಡುಗ ಫೋಟೊ ತೆಗೆಯುತ್ತಾನಂತಲ್ಲ, ಸದ್ಯಕ್ಕೆ ಹೊಲದ್ದೊಂದು ಫೋಟೊ ಕಳಿಸಿರಿ, ನೋಡಿ ಮುಂದಿನ ಮಾತಾಡೋಣ ಎಂದು ಹೇಳಿ ಕಳಿಸಿದ್ದರು. ಇದಕ್ಕೂ ಮೊದಲು ಬಂದ ಸೋಯರಿಕೆಗಳು ನನ್ನ ಮುಖ ನೋಡಿಯೇ ತಿರುಗಿಹೋಗಿದ್ದವು. ಈ ಸಲ ಮುಖ ಬಿಟ್ಟು ಹೊಲ ಕೇಳಿದ್ದರಿಂದ ಮನೆಯಲ್ಲಿ ಎಲ್ಲರಿಗೂ ಆಸೆ ಹುಟ್ಟಿತ್ತು.

ಅಪ್ಪ: ಭೀಮಸಿ ಕಡಿಂದ ಟ್ರ್ಯಾಕ್ಟರ್ ಕಾಡಿ ಬೇಡಿ ತಂದಿದ್ನಿ. ತೊಳದು, ಕುಂಕುಮ ಹಚ್ಚಿ, ಬದುವಿಗೆ ನಿಲ್ಲಿಸಿದ್ನಿ. ಎಲ್ಲೈತಿ ಅದು?

ನಾನು: ಕೆಂಪ ಬಣ್ಣ ಅಪ್ಪಾ. ಕಣ್ಣಿಗೆ ಹೊಡೀತಿತ್ತು. ಹಿಂದಕ್ಕ ಸರಸ್ರಿ ಅಂದ್ನಿ.

ಅಪ್ಪ: ಹಿಂದಕ್ಕ, ಹಿಂದಕ್ಕ ಅಂತ ಡಾಂಬರ ರಸ್ತಾಕ್ಕ ಮುಟ್ಟಿಸಿದಿ. ಭೀಮಸಿ ಹಂಗ ಸೀದಾ ಮನಿಗಿ ಹೊಡಕೊಂಡು ಹೋದ.

ಅವ್ವ: ಸಾವಿತ್ರೆವ್ವನ ಮುರ್ರಾ ಎಮ್ಮಿ ತಂದು ಕಟ್ಟಿದ್ವಿ. ಕೋಡಿಗೆ ಎಣ್ಣಿ ಹಚ್ಚಿದ್ನೆಪಾ ನಾನು!

ನಾನು: ಎಮ್ಮಿ ಒಂದ ಕಡಿ ನಿಂದರವಲ್ದಾಗಿತ್ತು.

ಅವ್ವ: ನಾ ನಿಂತಿದ್ನೆಲ್ಲೋ, ಇಳಕಲ್ ಸೀರಿ ಉಟಗೊಂಡು? ನನಗೂ ಹಿಂದಕ್ಕ ಸರಿ ಅಂದಿ.

ನಾನು: ನಿನ್ನ ಸೆರಗ ಗಾಳಿಗೆ ಹಾರಿ ಮುಗಲಾಗ ಬರ್ತಿತ್ತು ಬೇ.

ಅವ್ವ: ಬಂದ್ರ ಮುಗಲಿಗೆ ಏನ ಮೈಲಗಿ ಆಗತಿತ್ತು?

ಅಪ್ಪ ಫೋಟೊವನ್ನು ಬೆಳಕಿಗೆ ಹಿಡಿದ. ಮೂಗಿನ ಹತ್ತಿರ ತಂದ. ಅವನ ಮುಖದ ಬಣ್ಣ ನಿಧಾನವಾಗಿ ಬದಲಾಯಿತು. ಕೆಳಗಿನ ಬಿಳಿ ಪಟ್ಟಿ ಏನೆಂಬುದು ಅವನಿಗೆ ಈಗ ತಿಳಿಯಿತು.

ಅಪ್ಪ: ಇದು ಸವಳು.

ಅವ್ವ: ಏನು?

ಅಪ್ಪ: ಸವಳ ಜಮೀನು! ಹೊಳಿ ದಂಡಿದು! ಹಂತಾ ಕಬ್ಬಿನ ಪಡ ಇತ್ತು, ಆಳೆತ್ತರ. ಅದಕ್ಕ ಬೆನ್ನ ಮಾಡಿ ನಿಂತು ಸವಳ ತಗದಾನ ಇಂವ!

ನೀರು ಹೆಚ್ಚಾಗಿ ಉಪ್ಪು ಮೇಲೆದ್ದು ಬೆಳ್ಳಗಾದ ನೆಲಕ್ಕೆ ನಮ್ಮಲ್ಲಿ ಸವಳು ಎನ್ನುತ್ತಾರೆ. ಅದರಲ್ಲಿ ಕಬ್ಬು ಹಾಗಿರಲಿ, ಹುಲ್ಲೂ ಏಳುವುದಿಲ್ಲ. ಊರಿನ ಅರ್ಧ ಮನೆಗಳಿಗೆ ಒಂದೊಂದು ತುಂಡು ಸವಳಿದೆ, ಯಾರೂ ಅದರ ಮಾತೆತ್ತುವುದಿಲ್ಲ. ಹೊಲಕ್ಕೆ ಬಂದ ನೆಂಟರನ್ನು ಅಪ್ಪ ಆ ದಿಕ್ಕಿಗೆ ಮುಖ ಮಾಡಿ ಕೂಡಿಸುವುದೂ ಇಲ್ಲ.

ನಾನು: ಸವಳ ಅನಬ್ಯಾಡ ಅಪ್ಪಾ. ಮುಂಜಾನಿ ಮಂಜಿನಾಗ ಅದು ಸವಳಲ್ಲ, ಬಿಳಿ ಬಯಲು. ಸ್ವಚ್ಛ. ಗದ್ದಲಿಲ್ಲ. ನೋಡಿದಾವ್ರ ಕಣ್ಣು ಸೀದಾ ಹೋಗಿ ಗಿಡದ ಮ್ಯಾಲ ಕುಂದರ್ತೈತಿ.

ಅಪ್ಪ: ಕುಂತಿಂದ? ಗಿಡ ಯಾರ್ದು?

ನಾನು: ಯಾರ್ದು ಅಂದ್ರ?

ಅಪ್ಪ: ಜಾಲಿ ಗಿಡ ಬದುವಿನ ಆಚಿ ಐತಿ. ಲಗಮಣ್ಣಂದು. ಇಡೀ ಫೋಟೊದಾಗ ಒಂದ ಸಾಮಾನ ಐತಿ, ಅದೂ ಮಂದೀದು.

ಅವ್ವ: ಮುಗಲಾರ ನಮ್ದೈತಿಲ್ಲ?

ಅಪ್ಪ: ಅದನ್ನೂ ಹೊಲದ ದಫ್ತರ ನೋಡೂ ತಲಾಠಿನ್ನ ಕೇಳಬೇಕು.

ಅಷ್ಟರಲ್ಲಿ ಹೊರಗೆ ಸೈಕಲ್ ಗೋಡೆಗೆ ಒರಗಿದ ಸದ್ದಾಯಿತು. ಅವ್ವನ ತಮ್ಮ, ಐನಾಪುರದ ಮುರಗೆಪ್ಪ ಮಾಮಾ ಬಂದ. ಈ ಸೋಯರಿಕೆ ತಂದವನು, ನಡುವೆ ನಿಂತವನು, ಫೋಟೊ ಒಯ್ದು ಮುಟ್ಟಿಸಬೇಕಾದವನು ಅವನೇ. ಹೊಸ ಧೋತರ ಉಟ್ಟಿದ್ದ. ಮನೆಯವರ ಮುಖ ನೋಡದೆ ಕೈ ಚಾಚಿದ.

ಮಾಮಾ: ಕೊಡ್ರಿ, ಕೊಡ್ರಿ. ರಾಯಬಾಗ ಬಸ್ ತಪ್ಪಿದ್ರ ನಾಳಿ ತನಕ ಇಲ್ಲ. ಹಾಂ... ಇದು ಲಕೋಟಿ ಏನು? ಫೋಟೊ ಎಲ್ಲೈತಿ?

ಅಪ್ಪ: ನಿನ್ನ ಕೈಯಾಗ ಐತಿ.

ಮಾಮಾ ನೋಡಿದ. ತಿರುವಿದ. ಹಿಂಬದಿಯಲ್ಲಿ ಏನಾದರೂ ಇರಬಹುದೆಂದು ಅಲ್ಲಿಯೂ ನೋಡಿದ.

ಮಾಮಾ: ಮಹಾಪೂರ ಬಂದಾಗಿನದೇನು ಇದು?

ನಾನು: ಅಲ್ಲ ಮಾಮಾ. ಹೋದ ವಾರದ್ದು.

ಮಾಮಾ: ಮತ್ತ ಹೊಲ ಹೊಳ್ಯಾಗ ಹೋದಂಗ ಯಾಕ ಕಾಣಸ್ತೈತಿ? ಬ್ಯಾರೇ ತಗೀ. ಒಂದ ರೀಲಿನಾಗ ಒಂದ ಫೋಟೊ ಇರ್ತೈತೇನು?

ನಾನು: ಉಳದಾವ ಪ್ರಿಂಟ್ ಹಾಕಿ ಕೊಟ್ಟಿಲ್ಲ. ಲ್ಯಾಬಿನ ಮನಷ್ಯಾ ರೀಲ್ ನೋಡಿದ. ಎಲ್ಲಾ ಖಾಲಿ ಬಂದಾವ, ಇದೊಂದರಾಗ ಏನೋ ಕರ್ರಗ ಕಾಣಸ್ತೈತಿ ಅಂತ ಇದನ್ನಷ್ಟ ಮಾಡಿಕೊಟ್ಟಾನ.

ಮಾಮಾ: ಖರೇನ ಖಾಲಿ ಇದ್ವೋ?

ನಾನು: ಖಾಲಿ ಅಲ್ಲ. ಅವುಗಳಾಗ ಗಿಡ ಇನ್ನೂ ಸಣ್ಣದಿತ್ತು.

ಮಾಮಾ ಬಾಗಿಲಿನ ಹೊಸ್ತಿಲ ಮೇಲೆ ಕುಳಿತ. ಅವ್ವ ಚಹಾ ತಂದಳು. ಅವನು ಚಹಾ ಕುಡಿಯದೆ ಬಸಿಯಲ್ಲಿ ನೋಡುತ್ತ ಕುಳಿತ.

ಮಾಮಾ: ಅಕ್ಕಾ, ನಾ ಅವ್ರಿಗೆ ಏನೇನ ಹೇಳೀನಿ ಗೊತ್ತೈತಿಲ್ಲ? ಹೊಳಿದಂಡಿ ಬಗಾಯತಿ ಅಂದೀನಿ. ಬಾವಿ, ಪಂಪು, ಮುಂದ ಕಬ್ಬು, ಹಿಂದ ಬಾಳಿ ಅಂದೀನಿ. ಹುಡುಗನ ಕೈಯಾಗ ಕ್ಯಾಮೆರಾ ಐತಿ, ಎಲ್ಲಾ ಬರಾಬರ್ ಬರ್ತೈತಿ ಅಂತ ಎದಿ ತಟ್ಟಿ ಹೇಳೀನಿ. ಈಗ ಇದನ್ನ ಒಯ್ದು ಕೊಟ್ರ, ಬಾಳೆಲ್ಲೈತಿ ಮುರಗೆಪ್ಪಾ ಅಂದ್ರ ಏನ ಹೇಳ್ಲಿ?

ನಾನು: ಚೌಕಟ್ಟಿನ ಹೊರಗ ಐತಿ ಅಂತ ಹೇಳು.

ಮಾಮಾ: ಬಾವಿ?

ನಾನು: ಅದೂ ಹೊರಗ.

ಮಾಮಾ: ಕಬ್ಬು?

ಅಪ್ಪ: ಕ್ಯಾಮೆರಾದ ಬೆನ್ನಿಗಿ.

ಮಾಮಾ: ಅಲ್ಲೋ ಮಾಳಸಿದ್ದಾ, ಇದ್ದದ್ದೆಲ್ಲಾ ಹೊರಗ ಇಟ್ಟು ಒಳಗ ಏನ ಹಾಕೀದಿ?

ನಾನು: ಏನೂ ಹಾಕಬಾರ್ದು ಮಾಮಾ, ಅದ ಇದರಾಗಿನ ಕಲಾ. ಕಮ್ಮಿ ಇದ್ದಷ್ಟು ಚಲೋ. ಪರದೇಶದಾಗ ದೊಡ್ಡ ದೊಡ್ಡವ್ರೆಲ್ಲಾ ಹಿಂಗ ತಗೀತಾರ.

ಅಪ್ಪ: ಅವ್ರಿಗೆ ಮದಿವಿ ಆಗಿರ್ತಾವು.

ಇದಕ್ಕೆ ಉತ್ತರ ಪತ್ರಿಕೆಯಲ್ಲಿ ಇರಲಿಲ್ಲ. ಇದ್ದರೂ ಹರಿದ ಪುಟಗಳಲ್ಲಿ ಇದ್ದಿರಬೇಕು.

ಅವ್ವನಿಗೆ ಅಷ್ಟರಲ್ಲಿ ಒಂದು ಉಪಾಯ ಹೊಳೆಯಿತು.

ಅವ್ವ: ಸಾಲ್ಯಾಗ ಚಿತ್ರ ಕಲಸೂ ಧರಣೇಂದ್ರ ಮಾಸ್ತರ ಅದಾರಲ್ಲ. ಇಷ್ಟೊಂದ ಜಾಗ ಖಾಲಿ ಐತಿ. ಅವ್ರ ಕಡಿಂದ ಹಸರ ಬಣ್ಣದಾಗ ಸ್ವಲ್ಪ ಕಬ್ಬ ಹಾಕಸೂಣು.

ಮಾಮಾ: ಹಾಂ, ಇದ ಮಾತು! ಕಬ್ಬು ಬಲಕ್ಕ, ಬಾಳಿ ಎಡಕ್ಕ.

ಅಪ್ಪ: ಮುಗಲಾಗ ಭಾಳ ಜಾಗ ಉಳೀತೈತಿ. ಅಲ್ಲೆ ಟ್ರ್ಯಾಕ್ಟರ್ ಹಾಕಸ್ರಿ.

ನಾನು: ಒಂದ ಗೆರಿ ಎಳದ್ರೂ ನಾ ಮದಿವಿ ಆಗಂಗಿಲ್ಲ!

ಅಪ್ಪ: ಆಗಂಗಿಲ್ಲ ಅಂತ ಯಾರನ್ನ ಹೆದರಸ್ತಿಯೋ? ಆಗು ಅಂತ ಬಾಗಲದಾಗ ನಿಂತಾವ್ರ ಯಾರದಾರ?

ಅಪ್ಪ ಹೇಳಿದ್ದರಲ್ಲಿ ಕಳೆಯುವಂಥದ್ದು ಏನೂ ಇರಲಿಲ್ಲ. ಹುಡುಗಿ ಹೆಸರು ಗಿರಿಜಾ, ಕಾಲೇಜು ಕಲಿತವಳು ಎಂದಷ್ಟೇ ನನಗೆ ಗೊತ್ತಿತ್ತು. ಆದರೂ ಆ ಒಂದು ವಾರ ಕಾಟಾದ ಮೇಲೆ ಗಾಡಿ ನಂಬರು ಬರೆಯುವ ಜಾಗದಲ್ಲಿ ಆ ಹೆಸರು ಬರೆದು ಒಂದೆರಡು ಸಲ ಬೈಸಿಕೊಂಡಿದ್ದೆ. ಈ ಸೋಯರಿಕೆ ಕೈಬಿಟ್ಟರೆ ನಮ್ಮ ಕಡೆ ನನ್ನನ್ನು ನೋಡದೆ ಉಳಿದ ಹೆಣ್ಣಿನ ಮನೆ ಇರಲಿಲ್ಲ. ಫೋಟೊ ಕೆಡಿಸಲು ಮನಸ್ಸಿರಲಿಲ್ಲ, ಮದುವೆ ಕೆಡಲಿ ಎನ್ನುವ ಧೈರ್ಯವೂ ಇರಲಿಲ್ಲ.

ಹೊರಗೆ ಯಾರೋ ಬಸ್ಸು ಬಂತೆಂದು ಕೂಗಿದರು. ಮಾಸ್ತರರನ್ನು ಹುಡುಕುವಷ್ಟು ಹೊತ್ತು ಉಳಿಯಲಿಲ್ಲ. ಮಾಮಾ ತಣ್ಣಗಾದ ಚಹಾ ಒಂದೇ ಗುಟುಕಿಗೆ ಮುಗಿಸಿ, ಫೋಟೊ ಕಿಸೆಗಿಟ್ಟುಕೊಂಡು ಎದ್ದ.

ಮಾಮಾ: ಒಯ್ತೀನಿ ಅಕ್ಕಾ. ಕೇಳಿದ್ರ ಹುಡುಗಗ ಆ ದಿನ ಜ್ವರಾ ಬಂದಿತ್ತು ಅಂತೀನಿ.

ಒಂದು ವಾರ ಮಾಮಾನ ಸುದ್ದಿಯಿಲ್ಲ. ಅವ್ವ ನನ್ನೊಂದಿಗೆ ಮಾತು ಬಿಟ್ಟಳು. ಅಪ್ಪ ಮಾತು ಬಿಡಲಿಲ್ಲ, ಅದೇ ಕಷ್ಟವಾಯಿತು. ಊಟಕ್ಕೆ ಕುಳಿತರೆ ತಾಟಿನ ಮೂಲೆಯಲ್ಲಿ ಒಂದು ಚೂರು ರೊಟ್ಟಿ ಇಟ್ಟು, "ಉಳದದ್ದು ಬಯಲು, ಉಣ್ಣು" ಎನ್ನುತ್ತಿದ್ದ.

ಸೋಮವಾರ ಸಂಜೆ ನಾನು ಡ್ಯೂಟಿ ಮುಗಿಸಿ ಬರುವುದಕ್ಕೂ ಮಾಮಾ ಬಸ್ಸಿಳಿದು ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು. ಅವನ ಮುಖ ನೋಡಿದರೆ ಏನೂ ತಿಳಿಯುವಂತಿರಲಿಲ್ಲ.

ಅವ್ವ: ಏನಂದ್ರೋ?

ಮಾಮಾ: ನೀರ ಕೊಡ ಮದಲ.

ಅಪ್ಪ: ಅಂದ್ರ ಆತು ಬಿಡು. ನೀರ ಕೇಳೂ ಸುದ್ದಿ.

ಮಾಮಾ: ಕೇಳ್ರಿ ದಾಜೀ. ಹುಡುಗಿ ಅಪ್ಪ ಫೋಟೊ ತಗೊಂಡ. ಕಬ್ಬಿನ ಪಡದಾಗ ನಿಂತಿದ್ದ, ಕೈಯಾಗ ಕಬ್ಬ ಕಡಿಯೂ ಕೊಯ್ತಾ ಇತ್ತು. ನಾ ಸ್ವಲ್ಪ ದೂರ ಸರದ ನಿಂತ್ನಿ.

ಅವ್ವ: ಕೊಯ್ತಾಕ್ಕ ಹೆದರಿ?

ಮಾಮಾ: ಹಂಗಲ್ಲ, ಬಿಸಲಿತ್ತು. ನೋಡಿದ. ಇದು ಸವಳ ಅಲ್ಲೇನ್ರಿ ಅಂದ. ರೈತ ಮನಷ್ಯಾ, ಅವಗ ತಿಳೀದಂಗಿರ್ತೈತೇನು?

ಅಪ್ಪ: ನೀ ಏನಂದಿ?

ಮಾಮಾ: ಹೌದ್ರಿ ಅಂದ್ನಿ. ಬಾಯಾಗ ಬ್ಯಾರೆ ಬರ್ಲಿಲ್ಲ. ಚಪ್ಪಲ್ ಎಲ್ಲದಾವ ಅಂತ ನೋಡಾಕತ್ತಿದ್ನಿ. ಅಂವ ಮತ್ತ ನೋಡಿದ. ಅಂದ: "ಮುರಗೆಪ್ಪಾ, ಎಲ್ಲಾರೂ ಕಬ್ಬು ತೋರಸ್ತಾರ. ಮಂದಿ ಟ್ರ್ಯಾಕ್ಟರ್ ಮುಂದ ನಿಂದರ್ತಾರ, ಮಂದಿ ಎಮ್ಮಿ ತಂದು ಕಟ್ತಾರ. ಸವಳ ಫೋಟೊ ತಗದು ಹೆಣ್ಣಿನವ್ರಿಗೆ ಕಳಸಿದಾವ್ರನ್ನ ನಾ ಈ ಜಲಮದಾಗ ನೋಡಿಲ್ಲ. ಮದಲ ಸವಳ ತೋರಸ್ಯಾರಂದ್ರ ಆ ಮನ್ಯಾಗ ಮುಚ್ಚಿಡೂದು ಏನ ಉಳೀತು? ಹುಡುಗನ ಅಪ್ಪ ಧರೆಪ್ಪನಂತಾ ಖರೇ ಮನಷ್ಯಾರು ಸಿಗಂಗಿಲ್ಲ. ನನಗ ಒಪ್ಪಿಗಿ ಐತಿ."

ಅಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ಝಾಡಿಸಿ, ಮತ್ತೆ ಹೆಗಲಿಗೆ ಹಾಕಿಕೊಂಡ.

ಅಪ್ಪ: ನಾನ ಹೇಳಿದ್ನಿ ಇವಗ. ಮದಲ ಸವಳ ತಗಿ, ಕಬ್ಬ ಇದ್ದ ಇರ್ತೈತಿ ಅಂತ.

ನಾನು: ಅಪ್ಪಾ!

ಅವ್ವ: ಹೌದ ಮತ್ತ. ಎಮ್ಮಿ ಬ್ಯಾಡ, ಹೊಳ್ಳಿ ಒಯ್ಯು ಅಂತ ನಾನೂ ಅಂದಿದ್ನಿ.

ನಾನು: ಮಾಮಾ, ಅವ್ರಿಗೆ ತಪ್ಪ ತಿಳುವಳಿಕಿ ಆಗೈತಿ. ಅದು ಖರೇತನ ಅಲ್ಲ, ಅದು ಕಂಪೋಜಿಶನ್. ಸವಳ ತೋರಸ್ಬೇಕಂತ ತಗದಿಲ್ಲ. ಗಿಡದ ಸುತ್ತ...

ಅವ್ವ: ಬಾಯಿ ಮುಚ್ಚು. ಮದಿವ್ಯಾಗ ತಲಿಮ್ಯಾಲ ಅಕ್ಕಿಕಾಳ ಬಿದ್ದಮ್ಯಾಲ ಏನರ ಅಂದ್ಕೊ.

ಆ ದಿನ ನನಗೆ ಒಂದು ಸತ್ಯ ತಿಳಿಯಿತು. ನಮ್ಮ ಮನೆಯಲ್ಲಿ ಯಾರೂ ನನ್ನ ಚಿತ್ರವನ್ನು ಚಿತ್ರವೆಂದು ನೋಡಿರಲಿಲ್ಲ. ಮೊದಲು ಹಾಳು ಅಂದರು, ಈಗ ಪ್ರಾಮಾಣಿಕ ಅನ್ನುತ್ತಿದ್ದರು. ಹೆಣ್ಣು ಸಿಗುವ ಸಂತೋಷದ ನಡುವೆ ಇದೊಂದು ಮುಳ್ಳು ಚುಚ್ಚುತ್ತಲೇ ಇತ್ತು. ಮಾಮಾ ಒಳಕಿಸೆಗೆ ಕೈ ಹಾಕಿ ಒಂದು ಫೋಟೊ ತೆಗೆದ.

ಮಾಮಾ: ಅವ್ರೂ ಕಳಸ್ಯಾರ. ನಾವೂ ಏನೂ ಮುಚ್ಚಿಡಂಗಿಲ್ಲ, ಇದ್ದದ್ದೆಲ್ಲಾ ಇದರಾಗ ಐತಿ, ನೋಡ್ಕೊಳ್ರಿ ಅಂದ್ರು.

ಅದರಲ್ಲಿ ನಿಜವಾಗಿಯೂ ಇದ್ದದ್ದೆಲ್ಲ ಇತ್ತು. ಕಬ್ಬು ಹೇರಿದ ಟ್ರೇಲರ್ ಇತ್ತು. ಅದರ ಮುಂದೆ ಅಜ್ಜ ಅಜ್ಜಿ ಕುರ್ಚಿಯ ಮೇಲೆ, ಅವರ ನಡುವಿನ ಕುರ್ಚಿಯ ಮೇಲೆ ಟೀವಿ. ಕಾಕಾ ಕಾಕಿಯರು, ಮಕ್ಕಳು, ಎತ್ತುಗಳು, ಹೊಲಿಗೆ ಮಶೀನು, ಇಂದಿಗೂ ಏತಕ್ಕೆಂದು ತಿಳಿಯದ ಒಂದು ಏಣಿ. ಟೋಳಿಯ ಗಂಡಸರೂ ಹೆಂಗಸರೂ ಕೊಯ್ತಾ ಹಿಡಿದು ನಿಂತಿದ್ದರು. ಮುಗಿಲು ಇರಲಿಲ್ಲ, ಜಾಗ ಸಿಕ್ಕಿರಲಿಕ್ಕಿಲ್ಲ.

ಅವ್ವ: ಇದಕ್ಕ ಅಂತಾರ ನೋಡು ಫೋಟೊ! ಕಣ್ಣ ತುಂಬ ಐತಿ.

ನಾನು: ಹುಡುಗಿ ಎಲ್ಲಿ ಅದಾಳ?

ಮಾಮಾ: ನೀನ ಹುಡುಕು.

ನಾನು ಹುಡುಕಿದೆ. ಎತ್ತಿನ ಕೋಡಿನ ಹಿಂದೆ ಅರ್ಧ ಮುಖವೊಂದು ನಗುತ್ತಿತ್ತು. ಅರ್ಧವಾದರೂ ಚೆಂದವಿತ್ತು.

ನಾನು: ಇಕಿ ಏನು?

ಮಾಮಾ: ಅಕಿ ಹುಡುಗಿ ಅಕ್ಕ. ಲಗ್ನ ಆಗೈತಿ. ಗಂಡ ಬಾಜೂಕ ಕೊಯ್ತಾ ಹಿಡಕೊಂಡು ನಿಂತಾನ ನೋಡು.

ನಾನು ಬೆರಳು ಕೂಡಲೇ ತೆಗೆದೆ.

ನಾನು: ಹಂಗಾರ ಏಣಿ ಹಿಂದಿನಾಕಿ?

ಮಾಮಾ: ಅಕಿ ಟೋಳಿ ಮುಕಾದಮನ ಹೆಂಡ್ತಿ. ಮರಾಠಿ ಬಾಯಿ.

ಅಪ್ಪ: ಸಾವಕಾಶ ಹುಡುಕಪಾ. ಹಿಂಗ ಬೆರಳ ಮಾಡಕೋತ ಹೋದ್ರ ಹೆಣ್ಣ ಸಿಗೂದ್ರೊಳಗ ಹೊಡತ ಸಿಗ್ತಾವು.

ಅವ್ವ: ಹುಡುಗೀನ ಇಲ್ಲೇನೋ ಮುರಗ್ಯಾ? ಇಷ್ಟ ಮಂದ್ಯಾಗ ಹೆಣ್ಣನ್ನ ಬಿಟ್ಟ ತಗದಾರೇನು? ಅಕಿ ಎಲ್ಲಿ ಹೋಗಿದ್ಲು?

ಮಾಮಾ: ಎಲ್ಲೀನೂ ಹೋಗಿಲ್ಲ ಅಕ್ಕಾ. ಫೋಟೊ ತಗದಾಕಿನ ಅಕಿ.

ನಾನು ಫೋಟೊವನ್ನು ಮತ್ತೊಮ್ಮೆ ಹತ್ತಿರ ತಂದೆ. ಇಷ್ಟು ಜನ, ಇಷ್ಟು ಸಾಮಾನು. ಒಬ್ಬರ ತಲೆಯೂ ಕತ್ತರಿಸಿರಲಿಲ್ಲ, ಎತ್ತಿನ ಬಾಲವೂ ಪೂರಾ ಇತ್ತು. ಎಲ್ಲರೂ ಒಂದೇ ಕಡೆ ನೋಡುತ್ತಿದ್ದರು. ಎಮ್ಮೆಯನ್ನು ಒಂದು ಕಡೆ ನಿಲ್ಲಿಸಲಾಗದ ನನಗೆ ಸಣ್ಣಗೆ ಭಯವಾಯಿತು.

ಮಾಮಾ: ಅಕಿ ಅಣ್ಣ ಮಿಲಿಟ್ರಿಯಾಗ ಅದಾನ, ಕ್ಯಾಮೆರಾ ತಂದ ಕೊಟ್ಟಾನ. ಅಪ್ಪ ಎಲ್ಲಾನೂ ಹಾಕಂದ, ಹಾಕಿದ್ಲು. ಆಮ್ಯಾಲ ನನಗ ಚಾ ಕೊಡಾಕ ಬಂದ್ಲು. ನಿನ್ನ ಫೋಟೊ ಕಟ್ಟಿ ಮ್ಯಾಲ ಬಿದ್ದಿತ್ತು. ತಗೊಂಡು ನಿಂತಾಕಿ ಕೆಳಗಿಡವಲ್ಲಳು. ನನ್ನ ಚಾ ಅಕಿ ಕೈಯಾಗ ಆರೇಹೋತು.

ನಾನು: ಏನಾರ ಅಂದ್ಲೇನು?

ಮಾಮಾ: ಕೇಳಿದ್ಲಪಾ. "ಇದನ್ನ ಬೇಕಂತ ಹಿಂಗ ತಗದಾರೋ, ತಪ್ಪಿ ಹಿಂಗ ಆಗೈತೋ?" ಅಂದ್ಲು. ನನಗ ಸಂಕಟ ಬಂತು. ಬೇಕಂತನ ತಗದಾನವಾ, ಭಾಳ ತ್ರಾಸ ತಗೊಂಡಾನ ಅಂದ್ನಿ.

ನಾನು: ಅದಕ್ಕ?

ಮಾಮಾ: ನಕ್ಕಳು. ನೀ ಏನೂ ಮನಸಿಗೆ ಹಚ್ಕೋಬ್ಯಾಡ.

ನಾನು: ಏನಂದ್ಲು ಹೇಳ ಮಾಮಾ!

ಮಾಮಾ: ಚಲೋ ಐತಿ ಅಂದ್ಲು. ಆದ್ರ ಆ ಗಿಡ ಒಂದ ಬ್ಯಾಡಾಗಿತ್ತಂತ.

ನನ್ನ ಫೋಟೊ ಅವರ ಮನೆಯಲ್ಲೇ ಉಳಿದಿತ್ತು. ಕಣ್ಣು ಮುಚ್ಚಿ ನೆನಪಿನಲ್ಲೇ ಗಿಡ ಕಿತ್ತು ನೋಡಿದೆ. ಕೆಳಗೆ ಬಿಳಿ ನೆಲ, ಮೇಲೆ ಬಿಳಿ ಮುಗಿಲು, ನಡುವೆ ಮಂಜಿನ ಒಂದು ಗೆರೆ. ಹುಡುಗಿ ಹೇಳಿದ್ದು ಸರಿಯಾಗಿತ್ತು.

ನಾನು: ಲಗ್ನ ಯಾವಾಗ ಇಡ್ತಾರಂತ?

ಅವ್ವ ನನ್ನನ್ನು ನೋಡಿದಳು, ಅಪ್ಪನನ್ನು ನೋಡಿದಳು, ಕೊನೆಗೆ ತಮ್ಮನ ಕಡೆ ತಿರುಗಿದಳು.

ಅವ್ವ: ಮುರಗ್ಯಾ, ಮುಹೂರ್ತ ಆಮ್ಯಾಲ ತಗಸೂಣು. ಮದಲ ಅಥಣಿಗಿ ಹೋಗಿ ಮದಿವಿ ಫೋಟೊ ತಗಿಯಾವ್ರನ್ನ ಗೊತ್ತ ಮಾಡ್ಕೊಂಡ ಬಾ. ಇಂವ, ಅಕಿ ಇಬ್ರ ಕೈಯಾಗ ಬಿಟ್ರ ಫೋಟೊದಾಗ ಬೀಗರೂ ಬರಂಗಿಲ್ಲ, ಹಂದರಾನೂ ಬರಂಗಿಲ್ಲ. ಒಂದ ಅಕ್ಕಿಕಾಳ ಬರ್ತೈತಿ.